ಕಾಣಿಕೆ ಮತ್ತು ಸುವಾರ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಭ್ಯಾಸದ ಕೂಟಗಳಲ್ಲಿ, ಆರಾಧನೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ, ಪತ್ರಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೆಚ್ಚಿನವು ಎರಡೇ ವಿಷಯಕ್ಕೆ ಸೇರಿದವು: ಕೊಡುವುದು ಮತ್ತು ಸಾರುವುದು. ಸುವಾರ್ತೆಯಲ್ಲಿ ಈ ಎರಡೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ‘ಉಚಿತವಾಗಿ ಪಡೆದಿದ್ದೀರಿ, ಉಚಿತವಾಗಿ ಕೊಡಿ’ ಎಂದು ಯೇಸು ಹೇಳಿದ್ದು ಶಿಷ್ಯರನ್ನು ಊರೂರಿಗೆ ಕಳಿಸುವಾಗ (ಮತ್ತಾಯ 10:8). ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯೇಸು ಕೊಡುವುದರಲ್ಲೂ ಸಾರುವುದರಲ್ಲೂ ವ್ಯಾಪಾರಕ್ಕೆ ಜಾಗ ಬಿಡಲಿಲ್ಲ. ಕೆಳಗಿನ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

## ಶುರುವಿನ ಪ್ರಶ್ನೆಗಳು

ಸುವಾರ್ತೆ ಪುಸ್ತಕಗಳಲ್ಲಿ ದುಡ್ಡಿನ ವಿಚಾರ ನಿಜಕ್ಕೂ ಅಷ್ಟೊಂದು ಇದೆಯಾ?

ಇದೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ಕರಲ್ಲಿ ಲೂಕನ ಪುಸ್ತಕದಲ್ಲಿ ಜಾಸ್ತಿ. ಹಳೇ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಹಣವಂತ, ಬಾಗಿಲಲ್ಲೇ ಬಿದ್ದಿದ್ದ ಲಾಜರನನ್ನು ಕಣ್ಣೆತ್ತಿ ನೋಡದ ಸಾಹುಕಾರ, ಲೆಕ್ಕ ತಿದ್ದಿದ ಪಾರುಪತ್ಯಗಾರ, ಎಲ್ಲರೂ ಅಲ್ಲೇ ಸಿಗುತ್ತಾರೆ.

ಆದರೆ ಒಂದು ವಿಷಯ ಗಮನಿಸಿ. ಚರ್ಚ್ ನಡೆಸಲು ಇಷ್ಟು ಕೊಡಿ ಎಂದು ಯೇಸು ಎಲ್ಲೂ ಹೇಳಿಲ್ಲ. ಅವರ ಮಾತೆಲ್ಲ ಬಡವರ ಬಗ್ಗೆ ಮತ್ತು ಹಣ ಇಟ್ಟುಕೊಂಡವರ ಮನಸ್ಸಿನ ಬಗ್ಗೆ. ಯೇಸು ಮತ್ತು ಶಿಷ್ಯರ ಓಡಾಟದ ಖರ್ಚು ಹೇಗೆ ನಡೆಯಿತು ಅನ್ನುವುದಕ್ಕೂ ಒಂದು ಸುಳಿವಿದೆ. ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕ ಹೆಂಗಸರು ತಮ್ಮ ಸ್ವಂತ ಹಣದಿಂದ ನೋಡಿಕೊಳ್ಳುತ್ತಿದ್ದರು (ಲೂಕ 8:1-3). ಈ ಮೂರು ವಚನಗಳನ್ನು ಕಾಣಿಕೆಯ ಪ್ರಸಂಗಗಳಲ್ಲಿ ಓದುವವರು ಕಡಿಮೆ. ಓದಬೇಕು ಅನ್ನುವುದು ನನ್ನ ಆಸೆ.

ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ಮತ್ತೆ ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಅಂತಾನೂ ಇದೆ. ಯಾವುದನ್ನ ಹಿಡಿಯೋದು?

ಎರಡೂ ಒಂದೇ ಬೆಟ್ಟದ ಪ್ರಸಂಗದಲ್ಲಿವೆ. ಒಂದು ಮತ್ತಾಯ 5:16, ಇನ್ನೊಂದು 6:3. ಮೊದಲನೆಯದರ ಕೊನೆ ನೋಡಿ: ಜನ ನಿಮ್ಮ ಒಳ್ಳೆಯ ಕೆಲಸ ನೋಡಿ ಪರಲೋಕದ ತಂದೆಯನ್ನು ಕೊಂಡಾಡಲಿ. ಎರಡನೆಯದರಲ್ಲಿ ಬೈಸಿಕೊಂಡವರು ತಮ್ಮ ಮುಂದೆ ತುತ್ತೂರಿ ಊದಿಸಿಕೊಂಡು, ಜನ ತಮ್ಮನ್ನು ಹೊಗಳಲಿ ಎಂದು ಕೊಡುವವರು. ಹೊಗಳಿಕೆ ಯಾರಿಗೆ ಹೋಗುತ್ತದೆ ಎಂಬುದೇ ಅಲ್ಲಿ ಪ್ರಶ್ನೆ.

ನಮ್ಮ ಕಡೆಯ ಒಂದು ಉದಾಹರಣೆ ತಗೊಳ್ಳೋಣ. ಸಭೆಗಳಲ್ಲಿ ಸುಗ್ಗಿ ಹಬ್ಬ ಮಾಡುತ್ತೇವಲ್ಲ, ಅಲ್ಲಿ ಬೆಳೆ ತಂದು ವೇದಿಕೆ ಮುಂದೆ ಇಡುತ್ತಾರೆ. ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಬ್ಬರು ಗೊನೆ ಹಿಡಿದು, ದುಡ್ಡು ಕೊಟ್ಟು, ಅದನ್ನೇ ಮತ್ತೆ ಹರಾಜಿಗೆ ಬಿಡುತ್ತಾರೆ. ಇನ್ನೊಬ್ಬರು ಹಿಡಿಯುತ್ತಾರೆ. ಇಡೀ ಅಂಗಳ ನಗುತ್ತದೆ. ಇದು ಎಲ್ಲರ ಎದುರಿಗೇ ನಡೆಯುವ ಕೊಡುಗೆ, ಆದರೂ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಅದು ಇಡೀ ಊರಿನ ಸಂತೋಷ. ಆದರೆ ದೊಡ್ಡ ಮೊತ್ತ ಕೂಗಿದವರ ಹೆಸರನ್ನು ಮೈಕಿನಲ್ಲಿ ಮೂರು ಸಲ ಹೇಳಿ, ಒಂದು ಕಟ್ಟು ಸೊಪ್ಪು ತಂದ ಅಜ್ಜಿಯನ್ನು ಯಾರೂ ಕಾಣದೆ ಹೋದರೆ, ಅಲ್ಲಿ ತುತ್ತೂರಿ ಊದಿದ ಹಾಗೇ ಆಯಿತು.

ಅಕ್ಕಿ ಚೀಲ ಕೊಡುವಾಗ ಫೋಟೋ ಹಾಕಬಹುದಾ ಎಂದೂ ಕೇಳುತ್ತಾರೆ. ತೆಗೆದುಕೊಳ್ಳುವವರ ಮುಖ ಬೇಡ. ಅವರಿಗೂ ಮಾನ ಇದೆ.

ಬಡ ವಿಧವೆ ಎರಡು ಕಾಸು ಹಾಕಿದಳು, ಅದೇ ಅವಳ ಜೀವನ. ಹಾಗಾದ್ರೆ ನಾವೂ ಇದ್ದಿದ್ದೆಲ್ಲ ಹಾಕಬೇಕಾ?

ಮಾರ್ಕ 12:41-44 ಮತ್ತು ಲೂಕ 21:1-4. ಈ ಕಥೆಯನ್ನು ನಿಧಾನವಾಗಿ ಓದಬೇಕು.

ಯೆರೂಸಲೇಮಿನ ದೇವಾಲಯದಲ್ಲಿ ಹೆಂಗಸರ ಅಂಗಳ ಎಂದು ಒಂದಿತ್ತು. ಕಾಣಿಕೆಗೆ ಅಲ್ಲಿ 13 ಪೆಟ್ಟಿಗೆಗಳಿದ್ದವು, ಅವು ಕೊಂಬಿನ ಆಕಾರದಲ್ಲಿದ್ದವು ಎಂದು ಯೆಹೂದಿ ಸಂಪ್ರದಾಯದ ಹಳೇ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಯೇಸು ಕಾಣಿಕೆ ಪೆಟ್ಟಿಗೆಯ ಎದುರಿಗೆ ಕೂತು ಜನ ಹಣ ಹಾಕುವುದನ್ನು ನೋಡುತ್ತಿದ್ದರು. ಸಾಹುಕಾರರು ಬಂದು ಬಹಳ ಹಾಕಿದರು. ಈ ಹೆಂಗಸು ಹಾಕಿದ್ದು ಆ ಕಾಲದ ಅತಿ ಚಿಕ್ಕ ನಾಣ್ಯ ಎರಡು. ಒಂದು ದಿನದ ಕೂಲಿ ಒಂದು ದಿನಾರಿ. ಇವಳ ಎರಡು ಕಾಸು ಸೇರಿದರೆ ದಿನಾರಿಯ 64ನೇ ಒಂದು ಭಾಗ. ಯೇಸು ಶಿಷ್ಯರನ್ನು ಹತ್ತಿರ ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎಂದರು.

ಇಷ್ಟನ್ನೇ ಓದಿ ನಿಲ್ಲಿಸಿದರೆ ‘ನೀವೂ ಹೀಗೇ ಕೊಡಿ’ ಎಂದು ಅನಿಸುತ್ತದೆ. ಆದರೆ ಯೇಸು ಆ ಮಾತು ಹೇಳಲೇ ಇಲ್ಲ. ಸ್ವಲ್ಪ ಮೇಲೆ, 40ನೇ ವಚನ ನೋಡಿ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರ ಎಂದು ಯೇಸು ಹೇಳುತ್ತಾರೆ. ಆ ಮಾತಿನ ಬೆನ್ನಿಗೇ ಒಬ್ಬ ವಿಧವೆ ಬಂದು ಕೈಯಲ್ಲಿದ್ದ ಕೊನೆಯ ಕಾಸನ್ನೂ ಹಾಕುತ್ತಾಳೆ. ಅದರ ಮುಂದಿನ ಅಧ್ಯಾಯದ ಶುರುವಿನಲ್ಲಿ, ಈ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎನ್ನುತ್ತಾರೆ. ಅವಳ ಭಕ್ತಿ ಯೇಸುವಿನ ಕಣ್ಣಿಗೆ ಬಿತ್ತು, ನಿಜ. ಅವಳನ್ನು ಆ ಸ್ಥಿತಿಯಲ್ಲೇ ಬಿಟ್ಟು ಕಾಣಿಕೆ ತೆಗೆದುಕೊಂಡ ವ್ಯವಸ್ಥೆಯೂ ಅವರ ಕಣ್ಣಿಗೆ ಬಿತ್ತು ಎಂದೇ ನಾನು ಓದುತ್ತೇನೆ. ಹೀಗೆ ಓದುವುದನ್ನು ಒಪ್ಪದವರಿದ್ದಾರೆ. ಅವರಿಗೆ ಇದು ಪೂರ್ತಿ ಮೆಚ್ಚುಗೆಯ ಕಥೆ. ಆದರೆ ಈ ಕಥೆ ಹೇಳಿ ಬಡ ಹೆಂಗಸಿನ ಕೈಯಿಂದ ಬಳೆ ಬಿಚ್ಚಿಸುವುದನ್ನು ಯಾವ ಓದೂ ಒಪ್ಪಲಾರದು.

ಸಂಬಳದ ಹತ್ತನೇ ಒಂದು ಪಾಲು ಕೊಡಲೇಬೇಕಾ? ಪಿಎಫ್, ಟ್ಯಾಕ್ಸ್ ಕಟ್ ಆಗೋಕೆ ಮುಂಚೆ ಲೆಕ್ಕ ಹಾಕಬೇಕಾ, ಆಮೇಲಾ?

ಈ ಎರಡನೇ ಭಾಗ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೇಳುವವರು ಭಯದಿಂದ ಕೇಳುತ್ತಾರೆ ಎಂದು ಗೊತ್ತಾಗುತ್ತದೆ.

ಹಳೇ ಒಡಂಬಡಿಕೆಯಲ್ಲಿ ದಶಮಾಂಶ ಇದ್ದದ್ದು ಹೊಲದ ಬೆಳೆ, ಹಣ್ಣು, ಎಣ್ಣೆ, ದ್ರಾಕ್ಷಾರಸ, ದನಕುರಿಗಳ ಮೇಲೆ (ಯಾಜಕಕಾಂಡ 27:30-32, ಧರ್ಮೋಪದೇಶಕಾಂಡ 14:23). ಅದು ದೇವಾಲಯದ ಸೇವೆಯ ಕುಲವಾದ ಲೇವಿಯರಿಗೆ ಹೋಗುತ್ತಿತ್ತು, ಅವರಿಗೆ ಸ್ವಂತ ಭೂಮಿಯ ಪಾಲು ಇರಲಿಲ್ಲ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ತಂದೆಯಿಲ್ಲದವರು, ವಿಧವೆಯರು ಹೊಟ್ಟೆತುಂಬ ಉಣ್ಣಬೇಕಿತ್ತು (ಧರ್ಮೋಪದೇಶಕಾಂಡ 14:28-29). ತಿಂಗಳ ಸಂಬಳ, ಪಿಎಫ್ ಆ ಲೋಕದಲ್ಲಿ ಇಲ್ಲ.

ಸುವಾರ್ತೆಯಲ್ಲಿ ದಶಮಾಂಶ ಬರುವ ಜಾಗಗಳು ಬೆರಳೆಣಿಕೆಯಷ್ಟು. ಮುಖ್ಯವಾದದ್ದು ಮತ್ತಾಯ 23:23. ನಿಯಮ ಪಾಲನೆಯಲ್ಲಿ ಕಟ್ಟುನಿಟ್ಟಾಗಿದ್ದ ಯೆಹೂದಿ ಪಂಗಡದ ಫರಿಸಾಯರು ಪುದೀನ, ಜೀರಿಗೆಯಂಥ ಸೊಪ್ಪುಸದೆಯಲ್ಲೂ ಹತ್ತನೇ ಪಾಲು ಅಳೆದು ಕೊಡುತ್ತಿದ್ದರು, ನ್ಯಾಯ, ದಯೆ, ನಂಬಿಗಸ್ತಿಕೆ ಬಿಟ್ಟಿದ್ದರು. ‘ಇವನ್ನು ಮಾಡಬೇಕಿತ್ತು, ಅವನ್ನೂ ಬಿಡಬಾರದಿತ್ತು’ ಎಂದರು ಯೇಸು. ದಶಮಾಂಶ ಇನ್ನೂ ಜಾರಿಯಲ್ಲಿದೆ ಎನ್ನುವವರು ಈ ಕೊನೆಯ ಮಾತನ್ನು ಹಿಡಿಯುತ್ತಾರೆ. ಅದರಲ್ಲಿ ಹುರುಳಿದೆ. ಆದರೆ ದೇವಾಲಯ ನಿಂತಿದ್ದ ಕಾಲದಲ್ಲಿ, ಮೋಶೆಯ ನಿಯಮದ ಕೆಳಗಿದ್ದವರಿಗೆ ಹೇಳಿದ ಮಾತದು. ಬೇರೆ ಜನಾಂಗದಿಂದ ಬಂದ ವಿಶ್ವಾಸಿಗಳಿಗೆ ಆರಂಭದ ಸಭೆಗಳ ಅಪೊಸ್ತಲ ಪೌಲ ಬರೆದಾಗ ಹತ್ತರ ಲೆಕ್ಕ ಎತ್ತಲೇ ಇಲ್ಲ. ಪ್ರತಿಯೊಬ್ಬರೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ ಹಾಗೆ ಕೊಡಲಿ, ದುಃಖದಿಂದಲೂ ಬೇಡ, ಬಲವಂತದಿಂದಲೂ ಬೇಡ ಎಂದು ಬರೆದ (2 ಕೊರಿಂಥ 9:7).

ನನಗೆ ಹತ್ತನೇ ಪಾಲು ಒಳ್ಳೆಯ ಅಭ್ಯಾಸ ಅನಿಸುತ್ತದೆ. ಕೆಲವರಿಗೆ ಅದು ತುಂಬಾ ಜಾಸ್ತಿ, ಕೆಲವರಿಗೆ ತುಂಬಾ ಕಡಿಮೆ. ಕಟ್ ಆಗುವ ಮುಂಚೆಯೋ ಆಮೇಲೋ ಎಂದು ನಿದ್ದೆಗೆಡಬೇಡಿ.

ದಶಮಾಂಶ ಕೊಡದಿದ್ರೆ ದೇವರದ್ದನ್ನ ಕದ್ದ ಹಾಗೆ, ಶಾಪ ಬರುತ್ತೆ ಅಂದ್ರು. ನಿಜನಾ?

ಆ ಮಾತು ಮಲಾಕಿಯ 3:8-10ರಿಂದ ಬಂದದ್ದು. ಹತ್ತನೇ ಪಾಲನ್ನೆಲ್ಲ ಬಂಡಾರಕ್ಕೆ ತನ್ನಿ ಎಂದಿದೆ ಅಲ್ಲಿ. ‘ಬಂಡಾರ’ ಎಂದರೆ ಧಾನ್ಯ ಇಡುವ ಉಗ್ರಾಣ. ಅದು ಖಾಲಿಯಾದರೆ ಲೇವಿಯರು ಊಟಕ್ಕಿಲ್ಲದೆ ಹೊಲದ ಕೆಲಸಕ್ಕೆ ಓಡುವ ಸ್ಥಿತಿ ಬರುತ್ತಿತ್ತು. ನೆಹೆಮೀಯ 13:10ರಲ್ಲಿ ಹಾಗೆ ಆದದ್ದನ್ನು ಕಾಣುತ್ತೇವೆ. ಇನ್ನೊಂದು: ಅದೇ ಮೂರನೇ ಅಧ್ಯಾಯದ 5ನೇ ವಚನವನ್ನು ಯಾಕೋ ಯಾರೂ ಓದಿ ಹೇಳುವುದಿಲ್ಲ. ಕೂಲಿಯವರ ಸಂಬಳ ಹಿಡಿಯುವವರು, ವಿಧವೆಯನ್ನೂ ತಂದೆಯಿಲ್ಲದವರನ್ನೂ ಹಿಂಸಿಸುವವರು, ಪರದೇಶಿಗೆ ನ್ಯಾಯ ತಪ್ಪಿಸುವವರು, ಇವರ ವಿರುದ್ಧ ದೇವರು ಬೇಗ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂದಿದೆ ಅಲ್ಲಿ. ಹತ್ತನೇ ವಚನದಿಂದ ಹೆದರಿಸುವವರು ಐದನೆಯದನ್ನೂ ಅಷ್ಟೇ ಗಟ್ಟಿಯಾಗಿ ಓದಲಿ.

ಯೇಸು ಯಾರಿಗೂ ಶಾಪದ ಭಯ ಹಾಕಿ ಹಣ ಕೇಳಲಿಲ್ಲ.

## ಮನೆ, ಸಾಲ, ಮತ್ತು ಕಷ್ಟದ ಲೆಕ್ಕ

ದೇವರಿಗೆ ಕೊಟ್ರೆ ನೂರ್ಪಟ್ಟು ವಾಪಸ್ ಬರುತ್ತೆ ಅಂತ ಟಿವಿಲಿ ಹೇಳ್ತಾರೆ. ಬೈಬಲ್‌ನಲ್ಲಿ ಇದೆ ಅಲ್ವಾ?

‘ನೂರರಷ್ಟು’ ಎಂಬ ಮಾತು ಮಾರ್ಕ 10:29-30ರಲ್ಲಿದೆ. ಆದರೆ ಪೂರ್ತಿ ಓದಿ. ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ ಎಲ್ಲ ನೂರರಷ್ಟು ಸಿಗುತ್ತದೆ, ಅದರ ಜೊತೆಗೆ ಹಿಂಸೆಯೂ ಸಿಗುತ್ತದೆ ಎಂದಿದೆ. ನೂರು ತಾಯಂದಿರು ಎಂದರೆ ಏನರ್ಥ? ಯೇಸುವಿಗಾಗಿ ಮನೆಯಿಂದ ಹೊರಬಿದ್ದವನಿಗೆ ವಿಶ್ವಾಸಿಗಳ ಬಳಗವೇ ಮನೆಯಾಗುತ್ತದೆ ಎಂದರ್ಥ. ಬ್ಯಾಂಕ್ ಬಡ್ಡಿಯ ಲೆಕ್ಕ ಅದರಲ್ಲಿ ಇಲ್ಲ.

ಇನ್ನೊಂದು ವಚನ ಲೂಕ 6:38. ಕೊಡಿ, ನಿಮಗೂ ಸಿಗುತ್ತದೆ, ಜಡಿದು ಅಲ್ಲಾಡಿಸಿ ಹೊರಚೆಲ್ಲುವಷ್ಟು ಅಳೆದು ಮಡಿಲಿಗೆ ಹಾಕುತ್ತಾರೆ. ರಾಗಿ ಅಳೆದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಸೇರು ತುಂಬಿ, ತಟ್ಟಿ, ಮೇಲೆ ಗೋಪುರದ ಹಾಗೆ ಹಾಕುವ ಅಳತೆ ಅದು. ಆದರೆ ಅದರ ಹಿಂದಿನ ವಚನ ತೀರ್ಪು ಮಾಡಬೇಡಿ, ಕ್ಷಮಿಸಿ ಎನ್ನುತ್ತದೆ. ಅದಕ್ಕೂ ಸ್ವಲ್ಪ ಮುಂಚೆ, 35ರಲ್ಲಿ, ವಾಪಸ್ ಬರುತ್ತದೆ ಎಂದು ಎದುರುನೋಡದೆ ಸಾಲ ಕೊಡಿ ಎಂದಿದೆ. ಏನೂ ಎದುರುನೋಡಬೇಡಿ ಎಂದವರೇ ಮೂರು ವಚನ ದಾಟುವಷ್ಟರಲ್ಲಿ ಲಾಭದ ಯೋಜನೆ ಕೊಟ್ಟರು ಎಂದು ನಂಬಲು ನನಗೆ ಆಗುವುದಿಲ್ಲ.

ಅಪ್ಪನ ಡಯಾಲಿಸಿಸ್ ಖರ್ಚು ಇದೆ, ಚೀಟಿ ಸಾಲ ಇದೆ. ಆದರೂ ಕಾಣಿಕೆ ಮೊದಲು ಕೊಡಬೇಕಾ?

ಅಪ್ಪನ ಖರ್ಚು ಮೊದಲು ನೋಡಿ. ಇದನ್ನು ನಾನು ಸಂಶಯವಿಲ್ಲದೆ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಯೇಸುವೇ ಖಾರವಾಗಿ ಮಾತಾಡಿದ್ದಾರೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಇದು ಕೊರ್ಬಾನ್, ದೇವರಿಗೆ ಮೀಸಲು’ ಎಂದು ಹೇಳಿ ತಪ್ಪಿಸಿಕೊಳ್ಳುವ ಪದ್ಧತಿ ಆಗ ಇತ್ತು. ಹಾಗೆ ಮಾಡಿ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಎಂದರು ಯೇಸು (ಮಾರ್ಕ 7:9-13).

ಜೊತೆಗೆ ಮತ್ತಾಯ 5:23-24 ಓದಿ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು. ಆಮೇಲೆ ಬಂದು ಕೊಡು. ಚೀಟಿ ಸಾಲ ಕೊಟ್ಟವರು ಬಾಗಿಲಲ್ಲಿ ಕಾಯುತ್ತಿರುವಾಗ ಅವರ ಹಣವೇ ಮೊದಲು.

ಶ್ರೀಮಂತ ಯುವಕನಿಗೆ ಎಲ್ಲಾ ಮಾರಿಬಿಡು ಅಂದ್ರು. ಜಕ್ಕಾಯ ಅರ್ಧ ಕೊಡ್ತೀನಿ ಅಂದ್ರೆ ಸಾಕಾಯ್ತು. ಯಾಕೆ ಹೀಗೆ?

ಒಬ್ಬೊಬ್ಬರನ್ನು ಹಣ ಒಂದೊಂದು ರೀತಿ ಹಿಡಿದಿರುತ್ತದೆ. ಮಾರ್ಕ 10ರ ಆ ಮನುಷ್ಯ ಆಜ್ಞೆಗಳನ್ನೆಲ್ಲ ಪಾಲಿಸಿದ್ದ. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರು ಎಂದು ಮಾರ್ಕ ಬರೆಯುತ್ತಾನೆ. ಆ ಪ್ರೀತಿಯಿಂದಲೇ ‘ಎಲ್ಲ ಮಾರಿ ಬಡವರಿಗೆ ಕೊಡು’ ಎಂದರು. ಬಡವರಿಗೆ ಎಂದರು ಅನ್ನುವುದನ್ನು ಮರೆಯಬೇಡಿ, ನನಗೆ ಕೊಡು ಎನ್ನಲಿಲ್ಲ. ಅವನು ಮುಖ ಬಾಡಿಸಿಕೊಂಡು ಹೋದ. ಯೇಸು ಹಿಂದೆ ಓಡಿ ಹೋಗಿ ಚೌಕಾಸಿ ಮಾಡಲಿಲ್ಲ.

ಜಕ್ಕಾಯ ಯೆರಿಕೋವಿನ ಸುಂಕದವರ ಮುಖ್ಯಸ್ಥ, ಅನ್ಯಾಯದ ದುಡ್ಡು ಕೈಯಲ್ಲಿತ್ತು. ಅವನಿಗೆ ಯೇಸು ಏನೂ ಕೇಳಲೇ ಇಲ್ಲ. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದರು ಅಷ್ಟೇ. ಅವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದ (ಲೂಕ 19:8). ಅನ್ಯಾಯದ ಹಣ ಇದ್ದವರಿಗೆ ಇಲ್ಲೊಂದು ದಾರಿ ಇದೆ. ಕಳೆದುಕೊಂಡವರಿಗೆ ಮೊದಲು ವಾಪಸ್ ಕೊಡಬೇಕು. ಅದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿ ಮುಗಿಸುವಂತಿಲ್ಲ.

ಕೇಳಿದವರಿಗೆಲ್ಲ ಕೊಡಬೇಕಾ? ಕುಡಿಯೋಕೆ ಅಂತ ಗೊತ್ತಿದ್ದರೂ?

ಮತ್ತಾಯ 5:42 ಕೇಳುವವನಿಗೆ ಕೊಡು ಎನ್ನುತ್ತದೆ, ಷರತ್ತಿಲ್ಲದೆ. ಆರಂಭದ ಕ್ರೈಸ್ತರಿಗೂ ಇದು ಕಷ್ಟವಾಗಿತ್ತು. ದಿದಾಖೆ ಎಂಬ ಬಹಳ ಹಳೇ ಬರಹ ಒಂದಿದೆ, ಮರೆತೇಹೋಗಿದ್ದ ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಅದು ಮೊದಲು ಕೇಳಿದವರಿಗೆಲ್ಲ ಕೊಡು ಎನ್ನುತ್ತದೆ. ಆಮೇಲೆ, ಯಾರಿಗೆ ಕೊಡಬೇಕೆಂದು ತಿಳಿಯುವ ತನಕ ದಾನದ ಹಣ ನಿನ್ನ ಕೈಯಲ್ಲೇ ಬೆವರಲಿ ಎಂದೂ ಹೇಳುತ್ತದೆ. ಕುಡಿಯುವವನಿಗೆ ದುಡ್ಡಿನ ಬದಲು ಊಟ ಕೊಡಿಸಿ. ಆದರೆ ‘ಇವರೆಲ್ಲ ಹೀಗೇ’ ಎಂದು ಕೈ ಮುಚ್ಚಿಕೊಳ್ಳಲು ಇದು ನೆಪ ಆಗಬಾರದು.

ಬಡವರು ಯಾವಾಗಲೂ ಇರ್ತಾರೆ ಅಂತ ಯೇಸುವೇ ಹೇಳಿದ್ದಾರಲ್ಲ, ಮತ್ತೆ ನಾವೇನು ಮಾಡೋಕೆ ಆಗುತ್ತೆ?

ಬೇಥಾನ್ಯದಲ್ಲಿ ಒಬ್ಬ ಹೆಂಗಸು ಮುನ್ನೂರು ದಿನಾರಿಗಿಂತ ಹೆಚ್ಚು ಬೆಲೆಯ ಸುಗಂಧತೈಲ ಸುರಿದಾಗ ಬಂದ ಮಾತು ಅದು. ಮಾರ್ಕ 14:7ರ ಮುಂದಿನ ತುಂಡು: ‘ಇಷ್ಟಬಂದಾಗೆಲ್ಲ ಅವರಿಗೆ ಒಳ್ಳೆಯದು ಮಾಡಬಹುದು.’ ಅದರ ಬೇರು ಧರ್ಮೋಪದೇಶಕಾಂಡ 15:11ರಲ್ಲಿದೆ. ದೇಶದಲ್ಲಿ ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಕೈ ಬಿಚ್ಚು ಎನ್ನುತ್ತದೆ. ಕೈಕಟ್ಟಿ ಕೂರಲು ಈ ವಚನವನ್ನು ಬಳಸುವುದು ಪೂರ್ತಿ ತಲೆಕೆಳಗಾದ ಓದು.

## ಸಾರುವುದರ ಬಗ್ಗೆ

ನನಗೆ ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ. ನಾನೂ ಸುವಾರ್ತೆ ಸಾರಲೇಬೇಕಾ?

ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟು ಸ್ವಸ್ಥನಾದವನು ಯೇಸುವಿನ ಜೊತೆ ದೋಣಿ ಹತ್ತಲು ಬೇಡಿಕೊಂಡ. ಯೇಸು ಬಿಡಲಿಲ್ಲ. ಮನೆಗೆ ಹೋಗು, ನಿನ್ನವರಿಗೆ ಕರ್ತನು ನಿನಗೆ ಮಾಡಿದ್ದನ್ನು ಹೇಳು ಎಂದರು (ಮಾರ್ಕ 5:19). ಅವನಿಗೆ ತರಬೇತಿ ಇಲ್ಲ, ವೇದಿಕೆ ಇಲ್ಲ, ಕರಪತ್ರ ಇಲ್ಲ. ಒಬ್ಬ ಕುಷ್ಠರೋಗಿಗಂತೂ ಯಾರಿಗೂ ಏನೂ ಹೇಳಬೇಡ, ಯಾಜಕನಿಗೆ ತೋರಿಸಿಕೋ ಎಂದರು (ಮಾರ್ಕ 1:44). ಹಾಗಾಗಿ ಎಲ್ಲರೂ ಎಲ್ಲ ಕಡೆ ಒಂದೇ ರೀತಿ ಮಾತಾಡಬೇಕು ಎಂಬ ನಿಯಮ ಸುವಾರ್ತೆಯಲ್ಲಿಲ್ಲ. ನಿಮಗೆ ಆದದ್ದನ್ನು ನಿಮ್ಮವರು ಕೇಳಿದಾಗ ಹೇಳಿ. ಆಗದೇ ಇದ್ದದ್ದನ್ನು ಸೇರಿಸಬೇಡಿ. ಸಾಕ್ಷಿ ಎಂದರೆ ಅಷ್ಟೇ.

ಯೇಸು ಶಿಷ್ಯರನ್ನ ಬರಿಗೈಲಿ ಯಾಕೆ ಕಳಿಸಿದ್ರು? ಈಗಿನ ಮಿಷನ್‌ಗಳು ಕಟ್ಟಡ, ಗಾಡಿ, ಫಂಡ್ ಎಲ್ಲ ಇಟ್ಕೊಂಡೇ ಹೋಗ್ತಾವಲ್ಲ?

ಹಣದ ಚೀಲ ಬೇಡ, ಹಸಿಬೆ ಬೇಡ, ಕೆರ ಬೇಡ. ಯಾವ ಮನೆ ಒಳಗೆ ಕರೆಯುತ್ತದೋ ಅಲ್ಲಿ ಕೊಟ್ಟದ್ದನ್ನು ಉಣ್ಣಿ, ಮನೆಯಿಂದ ಮನೆಗೆ ಹೋಗಬೇಡಿ (ಲೂಕ 10:4-8). ಇನ್ನೂ ಒಳ್ಳೆಯ ಊಟ ಸಿಗುವ ಮನೆ ಹುಡುಕಿಕೊಂಡು ಹೋಗುವ ಆಸೆ ಆಗಲೂ ಇತ್ತು ಎಂದು ಕಾಣುತ್ತದೆ.

ಇಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ಒಂದು ವಿಷಯ. ಸಾರಲು ಹೋದವರು ಮೊದಲು ತೆಗೆದುಕೊಳ್ಳುವವರಾಗಿದ್ದರು. ಊಟಕ್ಕೆ, ಮಲಗುವ ಜಾಗಕ್ಕೆ ಆ ಊರಿನವರ ದಯೆಯೇ ಗತಿ. ಕೈಯಲ್ಲಿ ಅಕ್ಕಿ ಮೂಟೆ ಇಲ್ಲದಿದ್ದರಿಂದ ಅಕ್ಕಿಗಾಗಿ ಯಾರೂ ಹೌದು ಎನ್ನುವ ಪ್ರಶ್ನೆಯೇ ಬರಲಿಲ್ಲ. ಮುಂದೆ ಲೂಕ 22:35-36ರಲ್ಲಿ ಚೀಲ ಇದ್ದವನು ತಗೊಳ್ಳಲಿ ಎಂದೂ ಯೇಸು ಹೇಳುತ್ತಾರೆ, ಆದ್ದರಿಂದ ಬರಿಗೈ ಎಲ್ಲ ಕಾಲಕ್ಕೂ ಕಾಯಿದೆ ಆಗಿರಲಿಲ್ಲ. ಆದರೆ ಹಣ ಇರುವ ಮಿಷನ್ ಹಣ ಇಲ್ಲದ ಹಳ್ಳಿಗೆ ಹೋದಾಗ ಈ ಅಧ್ಯಾಯವನ್ನು ಮತ್ತೆ ಓದಿಕೊಂಡೇ ಹೋಗಬೇಕು.

ಬೇಡ ಅಂದವರ ಹತ್ರ ಮತ್ತೆ ಮತ್ತೆ ಹೋಗಬಹುದಾ? ಬಲವಂತ ಮಾಡಿ ಒಳಗೆ ಕರ್ಕೊಂಡು ಬನ್ನಿ ಅಂತ ಒಂದು ವಚನ ಇದೆಯಂತೆ.

ಬೇಡ ಎಂದರೆ ಬೇಡ. ಕಾಲಿನ ದೂಳು ಕೊಡವಿ ಹೊರಡಿ ಎಂಬುದು ಯೇಸುವಿನ ಮಾತು (ಮತ್ತಾಯ 10:14). ಯೆಹೂದಿಗಳು ಹೊರಗಿನವರೆಂದು ದೂರ ಇಟ್ಟಿದ್ದ ಸಮಾರ್ಯದವರ ಒಂದು ಹಳ್ಳಿ ಯೇಸುವನ್ನೇ ಸೇರಿಸಲಿಲ್ಲ. ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಯಾಕೋಬ, ಯೋಹಾನರು ಕೇಳಿದರು. ಯೇಸು ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಬೇರೆ ಊರಿಗೆ ಹೋದರು (ಲೂಕ 9:51-56).

ನೀವು ಹೇಳುವ ವಚನ ಲೂಕ 14:23. ಔತಣದ ಸಾಮತಿ, ಅಂದರೆ ದೃಷ್ಟಾಂತದ ಕಥೆ ಅದು. ಕರೆದವರು ನೆಪ ಹೇಳಿದಾಗ ಯಜಮಾನ ಬಡವರನ್ನು, ಕುಂಟರನ್ನು, ಕುರುಡರನ್ನು, ಕೊನೆಗೆ ಹಾದಿ ಬೇಲಿಗಳ ಹತ್ತಿರ ಇದ್ದವರನ್ನು ಒತ್ತಾಯ ಮಾಡಿ ಕರೆತರಲು ಹೇಳುತ್ತಾನೆ. ‘ಅಂಥ ದೊಡ್ಡ ಮನೆಗೆ ನಾವೆಲ್ಲಿ’ ಎಂದು ಹಿಂಜರಿಯುವವರನ್ನು ‘ಬನ್ನಿ ಬನ್ನಿ’ ಎಂದು ಒತ್ತಾಯಿಸಿ ಊಟಕ್ಕೆ ಕೂರಿಸುವ ಮಾತದು. 5ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, ಡೊನೇಟಿಸ್ಟರೆಂಬ ಒಡಕಿನ ಕ್ರೈಸ್ತರನ್ನು ಸರ್ಕಾರದ ಬಲದಿಂದ ಸಭೆಗೆ ತರುವುದಕ್ಕೆ ಈ ವಚನವನ್ನು ಆಧಾರ ಮಾಡಿಕೊಂಡ. ಮೊದಲು ಅವನೇ ಬಲಪ್ರಯೋಗ ಬೇಡ ಎಂದಿದ್ದವನು. ಆ ಓದಿನಿಂದ ಮುಂದಿನ ಶತಮಾನಗಳಲ್ಲಿ ಬಹಳ ಅನಾಹುತವಾಯಿತು. ಅದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ.

ಸಹಾಯ ಮಾಡಿ ಆಮೇಲೆ ಚರ್ಚ್‌ಗೆ ಬನ್ನಿ ಅನ್ನೋದು ಸರಿನಾ? ಅದು ಆಮಿಷ ಅಲ್ವಾ?

ಸಹಾಯಕ್ಕೆ ಷರತ್ತು ಕಟ್ಟಿದರೆ ಆಮಿಷವೇ. ಬಿಡಿಸಿ ಹೇಳುತ್ತೇನೆ.

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಕೂಗುತ್ತಾರೆ. ಹತ್ತೂ ಜನ ವಾಸಿಯಾಗುತ್ತಾರೆ. ಒಬ್ಬ ಮಾತ್ರ ವಾಪಸ್ ಬಂದು ಕಾಲಿಗೆ ಬೀಳುತ್ತಾನೆ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು, ನೋವಿನಿಂದಲೇ ಕೇಳಿದರು. ಆದರೆ ಅವರ ವಾಸಿಯನ್ನು ಕಿತ್ತುಕೊಳ್ಳಲಿಲ್ಲ. ಯೋಹಾನ 6ರಲ್ಲಿ ರೊಟ್ಟಿ ತಿಂದ ಜನ ಹುಡುಕಿಕೊಂಡು ಬಂದಾಗ, ಹೊಟ್ಟೆ ತುಂಬಿದ್ದಕ್ಕೆ ನನ್ನನ್ನು ಹುಡುಕುತ್ತೀರಿ ಎಂದು ನೇರವಾಗಿ ಹೇಳಿದರು. ಜನ ಬಿಟ್ಟು ಹೋದರು. ಹನ್ನೆರಡು ಮಂದಿಯ ಕಡೆಗೂ ತಿರುಗಿ, ನಿಮಗೂ ಹೋಗಬೇಕೆಂದಿದೆಯೇ ಎಂದು ಕೇಳಿದರು. ಗುಂಪು ದೊಡ್ಡದು ಮಾಡಬೇಕೆಂಬ ಆಸೆ ಇದ್ದವರು ಹೀಗೆ ಕೇಳುವುದಿಲ್ಲ. ಒಬ್ಬನನ್ನು ಮತಕ್ಕೆ ಸೇರಿಸಲು ಸಮುದ್ರ, ನೆಲ ಸುತ್ತುವವರ ಮೇಲೆ ಯೇಸು ಆಡಿದ ಕಟುವಾದ ಮಾತು ಮತ್ತಾಯ 23:15ರಲ್ಲಿದೆ. ಅದನ್ನು ನಾವೂ ನಮಗೇ ಹೇಳಿಕೊಳ್ಳಬೇಕು.

ಇಲ್ಲಿ ಒಂದು ಸಿಕ್ಕು ಇದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಕುಲಕಸುಬು ಹೋಯಿತು, ಇರಲು ಜಾಗ ಹೋಯಿತು. ಅವರಿಗೆ ಕೆಲಸ ಬೇಕಾಗಿತ್ತು. ನೇಯ್ಗೆ ಶಾಲೆಗಳು ಬಂದವು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹೆಂಚು ಊರೂರಿನ ಮಾಡು ಏರಿತು. ನಂಬಿಕೆಗಾಗಿ ಅನ್ನ ಕಳೆದುಕೊಂಡವರಿಗೆ ಅನ್ನದ ದಾರಿ ಮಾಡುವುದು ಆಮಿಷವಲ್ಲ, ಸಭೆಯ ಕರ್ತವ್ಯ ಎಂದು ನಾನು ನಂಬುತ್ತೇನೆ. ಆದರೆ ಹೊರಗಿಂದ ನೋಡುವವರಿಗೆ ‘ಸೇರಿದರೆ ಕೆಲಸ ಸಿಗುತ್ತದೆ’ ಎಂದೇ ಕಾಣುತ್ತದೆ, ಅಲ್ವಾ? ಈ ಸಂಶಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಸಿಟ್ಟಾಗದೆ, ನಮ್ಮ ಸಹಾಯ ಎಲ್ಲರಿಗೂ ಒಂದೇ ರೀತಿ ಸಿಗುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಕಾನೂನನ್ನೂ ಕೇಳುತ್ತಾರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರಲ್ಲಿ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದಿತು. ಆ ತೀರ್ಪಿನ ಮೇಲೆ ಚರ್ಚೆ ಇನ್ನೂ ಇದೆ. ಆದರೆ ಕೋರ್ಟು ಹೇಳದಿದ್ದರೂ ಆಮಿಷ ಒಡ್ಡುವುದು ಸುವಾರ್ತೆಗೆ ಒಗ್ಗುವುದಿಲ್ಲ.

ಹಾಗಾದ್ರೆ ಬಾಯಿಬಿಡದೆ ಸೇವೆ ಮಾಡಿದ್ರೆ ಸಾಕಲ್ಲ?

ಮತ್ತಾಯ 25ರಲ್ಲಿ ಹಸಿದವನಿಗೆ ಊಟ ಕೊಟ್ಟವರಿಗೆ ತಾವು ಯೇಸುವಿಗೇ ಕೊಟ್ಟೆವೆಂದು ಗೊತ್ತೇ ಇರಲಿಲ್ಲ. ಅವರು ಏನನ್ನೂ ಸಾರುತ್ತಿರಲಿಲ್ಲ, ಆದರೂ ರಾಜ್ಯಕ್ಕೆ ಬಾಧ್ಯರಾದರು. ಅದೇ ಪುಸ್ತಕದ ಕೊನೆಯಲ್ಲಿ ಹೋಗಿ ಎಲ್ಲ ಜನಾಂಗದವರನ್ನು ಶಿಷ್ಯರನ್ನಾಗಿ ಮಾಡಿ ಎಂಬ ಆಜ್ಞೆಯೂ ಇದೆ. ಸೇವೆಯನ್ನು ಸಾರುವುದಕ್ಕೆ ಗಾಳ ಮಾಡಬೇಡಿ. ಯಾರಾದರೂ ‘ಯಾಕೆ ಹೀಗೆ ಮಾಡ್ತೀರಿ’ ಎಂದು ಕೇಳಿದರೆ ಯೇಸುವಿನ ಹೆಸರು ಹೇಳಲು ನಾಚಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಅನ್ಯಜನರ ಕಡೆ ಹೋಗಬೇಡಿ ಅಂತ ಮತ್ತಾಯ 10ರಲ್ಲಿ, ಎಲ್ಲ ಜನಾಂಗಕ್ಕೂ ಹೋಗಿ ಅಂತ 28ರಲ್ಲಿ. ಇದು ವಿರೋಧ ಅಲ್ವಾ?

ಎರಡರ ನಡುವೆ ಶಿಲುಬೆ ಮತ್ತು ಪುನರುತ್ಥಾನ ಬರುತ್ತವೆ. ಮೊದಲನೆಯದು ಇಸ್ರಾಯೇಲಿನ ತಪ್ಪಿಹೋದ ಕುರಿಗಳಿಗಾಗಿ ಹೊರಟ ಸಣ್ಣ ಪ್ರಯಾಣ. ಎರಡನೆಯದು ಗಲಿಲಾಯದ ಬೆಟ್ಟದ ಮೇಲೆ, ಎಲ್ಲ ಅಧಿಕಾರ ನನಗೆ ಕೊಡಲ್ಪಟ್ಟಿದೆ ಎಂದ ಮೇಲೆ ಬಂದ ಮಾತು. ನಡುವೆ 15ನೇ ಅಧ್ಯಾಯದಲ್ಲಿ ಅನ್ಯಜನಾಂಗದ ಕಾನಾನ್ಯಳಾದ ತಾಯಿ ಮಗಳ ವಾಸಿಗಾಗಿ ಬೇಡಿ, ಮೇಜಿನಿಂದ ಬೀಳುವ ತುಣುಕಾದರೂ ಸಾಕು ಎಂದು ಕೇಳಿ ಗೆಲ್ಲುತ್ತಾಳೆ. ಬಾಗಿಲು ತೆರೆಯುವುದನ್ನು ಮತ್ತಾಯ ಹಂತಹಂತವಾಗಿ ತೋರಿಸುತ್ತಾನೆ. 28ರಲ್ಲಿ ಇನ್ನೊಂದು ಮಾತು ನನಗೆ ಇಷ್ಟ: ಆ ಬೆಟ್ಟದಲ್ಲಿ ಅಡ್ಡಬಿದ್ದವರಲ್ಲೂ ಕೆಲವರು ಸಂಶಯಪಟ್ಟರು ಎಂದಿದೆ (28:17). ಅವರನ್ನೂ ಬಿ‌ಟ್ಟು ಕಳಿಸಲಿಲ್ಲ ಯೇಸು.

ಮಾರ್ಕ 16ರಲ್ಲಿ ನಂಬಿದವರು ಹಾವು ಹಿಡೀತಾರೆ, ವಿಷ ಕುಡಿದ್ರೂ ಏನಾಗಲ್ಲ ಅಂತ ಇದೆ. ಸಾರುವವರಿಗೆ ಇದು ಗುರುತಾ?

ಮಾರ್ಕ 16:9ರಿಂದ 20ರವರೆಗಿನ ಭಾಗ 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನೈಟಿಕಸ್, ವ್ಯಾಟಿಕೇನಸ್‌ಗಳಲ್ಲಿ ಇಲ್ಲ. ಅವುಗಳಲ್ಲಿ ಪುಸ್ತಕ 16:8ಕ್ಕೆ ನಿಲ್ಲುತ್ತದೆ. ಈ ಭಾಗ ನಂತರ ಸೇರಿದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಈ ವಚನ ಹಿಡಿದು ಆರಾಧನೆಯಲ್ಲಿ ಹಾವು ಹಿಡಿಯುವ ಪದ್ಧತಿಯನ್ನು ಹರಡಿದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡ. ದೇವರನ್ನು ಪರೀಕ್ಷಿಸಬೇಡ ಎಂದು ಯೇಸು ದೇವಾಲಯದ ತುದಿಯಲ್ಲಿ ನಿಂತೇ ಸೈತಾನನಿಗೆ ಹೇಳಿದ್ದರು (ಮತ್ತಾಯ 4:5-7).

ಪಾಸ್ಟರ್‌ಗೆ ಸಂಬಳ ಕೊಡೋದು ಸರಿನಾ? ಸಭೆಯ ಲೆಕ್ಕ ಕೇಳಿದ್ರೆ ಅಪನಂಬಿಕೆ ಅಂತಾರೆ.

ಸಂಬಳ ಸರಿ. ಕೆಲಸದವನು ಕೂಲಿಗೆ ಯೋಗ್ಯ ಎಂದು ಯೇಸುವೇ ಹೇಳಿದ್ದಾರೆ (ಲೂಕ 10:7). ಹಳ್ಳಿ ಸಭೆಗಳಲ್ಲಿ ಎಷ್ಟೋ ಪಾದ್ರಿಗಳು ಮಕ್ಕಳ ಶಾಲೆ ಫೀಸಿಗೂ ಒದ್ದಾಡುತ್ತಾರೆ. ಅವರನ್ನು ನೋಡಿಕೊಳ್ಳದ ಸಭೆ ದೊಡ್ಡ ಗೋಪುರ ಕಟ್ಟುವುದು ನನಗೆ ಸಹಿಸದ ವಿಷಯ. ಇನ್ನೊಂದು ಕಡೆ, ಆವೇಶದಲ್ಲಿ ‘ನನಗೆ ಹಣ ಕೊಡಿ’ ಎನ್ನುವ ಪ್ರವಾದಿಯ ಮಾತು ಕೇಳಬೇಡಿ ಎಂದು ಮೇಲೆ ಹೇಳಿದ ದಿದಾಖೆಯೇ ಎಚ್ಚರಿಸುತ್ತದೆ. ಬೇರೆಯ ಬಡವರಿಗಾಗಿ ಕೇಳಿದರೆ ತೀರ್ಪು ಮಾಡಬೇಡಿ ಎಂದೂ ಸೇರಿಸುತ್ತದೆ.

ಲೆಕ್ಕ ಕೇಳುವುದು ಅಪನಂಬಿಕೆ ಅಲ್ಲವೇ ಅಲ್ಲ. ಯೆರೂಸಲೇಮಿನ ಬಡವರಿಗೆ ಪೌಲ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗೆಲಸದವನಾದ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಜನರ ಮುಂದೆಯೂ ಸರಿಯಾಗಿರಬೇಕು ಎಂದು ಬರೆದ (2 ಕೊರಿಂಥ 8:16-22). ಅಪೊಸ್ತಲನಿಗೇ ಇಷ್ಟು ಎಚ್ಚರ ಬೇಕಿತ್ತು.

ಹಾಗಾಗಿ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಕ್ಯೂಆರ್ ಕೋಡ್‌ಗೆ ಹಾಕಿದ ದುಡ್ಡು ಸಭೆಯ ಖಾತೆಗೆ ಹೋಗುತ್ತದೋ, ಒಬ್ಬರ ಸ್ವಂತ ಖಾತೆಗೋ? ಕಾಣಿಕೆ ಚೀಲವನ್ನು ಎಣಿಸುವಾಗ ಎಷ್ಟು ಜನ ಕೂರುತ್ತಾರೆ? ಸಭೆಯ ಹೊರಗಿನ ಬಡವರಿಗೆ ಹೋದದ್ದು ಎಷ್ಟು? ಬರೆದ ಉತ್ತರ ಕೇಳಿ. ಆ ಕಾಗದವನ್ನು ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ.